ಬಂಡೆಯ ಮೇಲಿನ ಭೂಪಟವನ್ನು ಕೀಳಬೇಕೆ?

ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಮೊದಲು ಕಲಿಸುವ ಪಾಠಗಳಲ್ಲಿ ಸಂಗ್ರಹಣೆಯೂ ಒಂದು. ಕಂಡ ಗಿಡದ ರೆಂಬೆಯೊಂದನ್ನು ಕತ್ತರಿಸಿ, ಕಾಗದಗಳ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು, ಸ್ಥಳ, ದಿನಾಂಕಗಳನ್ನು ಬರೆದಿಡುವುದು ಒಳ್ಳೆಯ ಅಭ್ಯಾಸವೇ ಸರಿ. ರೆಂಬೆಯನ್ನು ಕಳೆದುಕೊಂಡ ಗಿಡ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆದರೆ ಈ ಅಭ್ಯಾಸವನ್ನು ಎಲ್ಲ ಜೀವಿಗಳಿಗೂ ಒಂದೇ ಸಮನಾಗಿ ಅನ್ವಯಿಸಬಹುದೆಂಬುದನ್ನು ನಾವು ಒಪ್ಪಲಾರೆವು. ಬಂಡೆಗೆ ಹಕ್ಕಳೆಯಂತೆ ಕಚ್ಚಿಕೊಂಡು ಬೆಳೆಯುವ ಕಲ್ಲುಹೂವುಗಳ ವಿಷಯದಲ್ಲಿ, ಅವುಗಳಲ್ಲಿಯೂ ಶೀತಪ್ರದೇಶಗಳ ‘ಭೂಪಟದ ಕಲ್ಲುಹೂವಿನ’ ವಿಷಯದಲ್ಲಿ, ಉಳಿ ಸುತ್ತಿಗೆಗಳನ್ನು ಕೈಗೆತ್ತಿಕೊಳ್ಳುವ ಮೊದಲು ಬಹಳ ಯೋಚಿಸಬೇಕೆಂಬುದು ನಮ್ಮ ವಾದ. ಅದರ ಬೆಲೆಯೆಲ್ಲ ಅದು ಇರುವ ಜಾಗದಲ್ಲಿಯೇ ಇದೆ. ಕಿತ್ತು ತಂದ ಕೂಡಲೆ ಆ ಬೆಲೆ ಹೋಯಿತು.

ಕಲ್ಲುಹೂವು ಎಂದೊಡನೆ ನಮ್ಮ ವಾಚಕರಲ್ಲಿ ಅನೇಕರಿಗೆ ಅಡುಗೆಮನೆಯ ಮಸಾಲೆ ಡಬ್ಬಿ ನೆನಪಾದೀತು. ಅದೂ ಲೈಕನ್ ವರ್ಗಕ್ಕೇ ಸೇರಿದ್ದು. ಆದರೆ ಅದು ಎಲೆಯಂತೆ ಹರಡಿ, ಅಂಚುಗಳನ್ನು ಮೇಲೆತ್ತಿಕೊಂಡು ಬೆಳೆಯುವ ಜಾತಿ. ಕೈಯಿಂದ ಬಿಡಿಸಿದರೆ ಬಿಟ್ಟುಬರುತ್ತದೆ. ಪುಟ್ಟ ಪೊದೆಯಂತೆ ನಿಲ್ಲುವ ಅಥವಾ ಕೊಂಬೆಗಳಿಂದ ಗಡ್ಡದಂತೆ ಜೋತುಬೀಳುವ ಲೈಕನ್ನುಗಳೂ ಉಂಟು. ಹಕ್ಕಳೆ ಲೈಕನ್ನುಗಳ ರೀತಿಯೇ ಬೇರೆ. ಎಲೆಯಂಥ ಜಾತಿಗಳಿಗೆ ಮೇಲೊಂದು ಕೆಳಗೊಂದು ಎರಡು ಚರ್ಮಗಳಿದ್ದರೆ, ಹಕ್ಕಳೆಗೆ ಕೆಳಚರ್ಮವೆಂಬುದೇ ಇಲ್ಲ. ಅದರ ತಳದ ಎಳೆಗಳು ನೇರವಾಗಿ ಕಲ್ಲಿನ ಹರಳುಗಳ ಸಂದುಗಳೊಳಕ್ಕೆ ಇಳಿದಿರುತ್ತವೆ. ಎಲ್ಲಿ ಜೀವಿ ಮುಗಿಯಿತು, ಎಲ್ಲಿ ಕಲ್ಲು ಮೊದಲಾಯಿತು ಎಂದು ಗೆರೆ ಎಳೆಯುವುದು ಸೂಕ್ಷ್ಮದರ್ಶಕಕ್ಕೂ ಸುಲಭವಲ್ಲ. ಆದ್ದರಿಂದ ಹಕ್ಕಳೆಯನ್ನು ತರಬೇಕೆಂದರೆ ಕಲ್ಲನ್ನೂ ಒಡೆದೇ ತರಬೇಕು.

ಲೈಕನ್ ಒಂದು ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರ ಎಂಬುದು ಈಗ ಶಾಲೆಯ ಪುಸ್ತಕಗಳಲ್ಲಿಯೂ ಇರುವ ಸಂಗತಿ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1867ರಲ್ಲಿ ಇದನ್ನು ಮೊದಲು ಸಾರಿದಾಗ ಅಂದಿನ ಲೈಕನ್ ಪಂಡಿತರಲ್ಲಿ ಅಗ್ರಗಣ್ಯನಾಗಿದ್ದ ವಿಲ್ಲಿಯಂ ನೈಲಾಂಡರ್ ಕಟ್ಟಕಡೆಯವರೆಗೂ ಒಪ್ಪಲಿಲ್ಲ. ಪಾಚಿ ಬೆಳಕಿನಲ್ಲಿ ಆಹಾರವನ್ನು ತಯಾರಿಸುತ್ತದೆ. ಶಿಲೀಂಧ್ರ ಅದಕ್ಕೆ ಮನೆ ಕಟ್ಟಿಕೊಟ್ಟು, ನೀರನ್ನು ಹಿಡಿದಿಟ್ಟು, ಆಹಾರದಲ್ಲಿ ಪಾಲು ಪಡೆಯುತ್ತದೆ. ಈ ಸಂಸಾರದಲ್ಲಿ ಯಜಮಾನರು ಯಾರು, ಆಳು ಯಾರು ಎಂಬ ಜಗಳ ಇನ್ನೂ ತೀರಿಲ್ಲ. ಅದು ನಮ್ಮ ಇಂದಿನ ವಿಷಯವೂ ಅಲ್ಲ.

ಭೂಪಟದ ಕಲ್ಲುಹೂವಿಗೆ ಆ ಹೆಸರು ಬಂದದ್ದು ಅದರ ರೂಪದಿಂದಲೇ. ಲಿನೇಯಸ್ 1753ರಲ್ಲಿ ಇದನ್ನು ಲೈಕನ್ ಜಿಯಾಗ್ರಾಫಿಕಸ್ ಎಂದು ಕರೆದ; 1805ರಲ್ಲಿ ದ ಕಾಂಡೋಲ್ ಇದನ್ನು ರೈಜೊಕಾರ್ಪಾನ್ ಕುಲಕ್ಕೆ ಸೇರಿಸಿದ. ಇಂದಿಗೂ ಅದರ ಶಾಸ್ತ್ರೀಯ ನಾಮ ರೈಜೊಕಾರ್ಪಾನ್ ಜಿಯಾಗ್ರಾಫಿಕಮ್. ದೂರದಿಂದ ನೋಡಿದರೆ ಬೂದು ಬಂಡೆಯ ಮೇಲೆ ಯಾರೋ ಹಳದಿಮಿಶ್ರಿತ ಹಸಿರು ಬಣ್ಣವನ್ನು ಚೆಲ್ಲಿದಂತೆ ತೋರುವುದು. ಹತ್ತಿರ ಹೋಗಿ ಭೂತಗನ್ನಡಿಯಲ್ಲಿ ನೋಡಿದರೆ, ಆ ಹಳದಿಯ ಮೈ ಕೆರೆಯಂಗಳದ ಒಣಗಿದ ಮಣ್ಣಿನಂತೆ ಬಿರುಕುಬಿಟ್ಟು, ಒಂದು ಮಿಲಿಮೀಟರಿನ ಆಸುಪಾಸಿನ ಸಣ್ಣ ಸಣ್ಣ ಬಿಲ್ಲೆಗಳಾಗಿ ಒಡೆದಿರುವುದು ಕಾಣುತ್ತದೆ. ಬಿಲ್ಲೆಗಳ ನಡುವೆ ಕಪ್ಪು ನೆಲ. ಅಲ್ಲಲ್ಲಿ ಬಿಲ್ಲೆಗಳ ಸಂದಿನಲ್ಲಿ, ಅವುಗಳಿಗೆ ಸಮಮಟ್ಟದಲ್ಲಿ, ಕರಿಯ ಚುಕ್ಕೆಗಳು. ಇವೇ ಶಿಲೀಂಧ್ರದ ಫಲಕಾಯಗಳು; ಬೀಜಕಗಳು ಹುಟ್ಟುವುದು ಇವುಗಳಲ್ಲಿ. ಹಳದಿಗೆ ಕಾರಣ ರೈಜೊಕಾರ್ಪಿಕ್ ಆಮ್ಲವೆಂಬ ವರ್ಣದ್ರವ್ಯ. ಅದು ಎತ್ತರದ ಪ್ರದೇಶಗಳ ಉಗ್ರವಾದ ಬಿಸಿಲನ್ನು ಸೋಸಿ, ಒಳಗಿನ ಪಾಚಿಗೆ ತಡೆಯುವಷ್ಟನ್ನು ಮಾತ್ರ ಬಿಡುತ್ತದೆ.

ಇದರ ಸುತ್ತಲೂ ಕಣ್ಣಿಗೆ ಹೊಡೆಯುವಂಥ ಒಂದು ಕಪ್ಪು ಅಂಚು ಇರುತ್ತದೆ. ಶಿಲೀಂಧ್ರದ ಎಳೆಗಳು ಪಾಚಿಯನ್ನು ಹಿಂದೆಯೇ ಬಿಟ್ಟು, ಹೊಸ ನೆಲವನ್ನು ಹಿಡಿಯಲು ಮುಂದೆ ಹೋದ ಭಾಗವದು. ಎರಡು ಹಕ್ಕಳೆಗಳು ಬೆಳೆಯುತ್ತ ಬೆಳೆಯುತ್ತ ಒಂದನ್ನೊಂದು ಮುಟ್ಟಿದಾಗ ಸಾಮಾನ್ಯವಾಗಿ ಎರಡೂ ಅಲ್ಲಿಯೇ ನಿಲ್ಲುತ್ತವೆ. ನಡುವೆ ಕಪ್ಪು ಗೆರೆಯೊಂದು ಉಳಿಯುತ್ತದೆ. ಹೀಗೆ ಹತ್ತಾರು ಹಕ್ಕಳೆಗಳು ಒತ್ತಿಕೊಂಡು ಬೆಳೆದ ಬಂಡೆ ರಾಜ್ಯಗಳ ಎಲ್ಲೆಗಳನ್ನು ಬರೆದ ಭೂಪಟದಂತೆಯೇ ಇರುವುದು. ಲಿನೇಯಸ್ಸನ ಉಪಮೆಗಳಲ್ಲಿ ಇಷ್ಟು ಸಲೀಸಾಗಿ ಒಪ್ಪುವಂಥವು ಕೆಲವೇ ಎಂದು ನಮಗೆ ತೋರುತ್ತದೆ.

ಈ ಲೈಕನ್ ಬದುಕುವ ತಾಣಗಳನ್ನು ಭೂಗೋಳದಲ್ಲಿ ಗುರುತಿಸಿದರೆ ಚಳಿಯ ದಾರಿಯನ್ನೇ ಹಿಡಿದು ಹೋದಂತಾಗುವುದು: ಗ್ರೀನ್‌ಲೆಂಡ್, ಐಸ್‌ಲೆಂಡ್, ನಾರ್ವೆ, ಸ್ಕಾಟ್‌ಲೆಂಡಿನ ಮಲೆನಾಡು, ಆಲ್ಪ್ಸ್, ಉತ್ತರ ಅಮೆರಿಕದ ರಾಕಿ ಪರ್ವತಗಳು, ನಮ್ಮ ಹಿಮಾಲಯ, ಕೊನೆಗೆ ಅಂಟಾರ್ಕ್ಟಿಕ. ಧ್ರುವದ ಸಮೀಪದಲ್ಲಿ ಸಮುದ್ರದ ಮಟ್ಟದಲ್ಲಿಯೇ ಸಿಕ್ಕುವುದು. ದಕ್ಷಿಣಕ್ಕೆ ಬಂದಂತೆಲ್ಲ ಬೆಟ್ಟ ಹತ್ತಿ ಹುಡುಕಬೇಕು. ಕಲ್ಲಿನ ಆಯ್ಕೆಯಲ್ಲಿಯೂ ಅದು ಕಟ್ಟುನಿಟ್ಟು. ಗ್ರಾನೈಟ್, ನೈಸ್, ಬೆಣಚುಕಲ್ಲುಗಳಂಥ ಸಿಲಿಕಾಂಶ ಹೆಚ್ಚಾಗಿರುವ ಗಟ್ಟಿ ಶಿಲೆಗಳೇ ಬೇಕು. ಸುಣ್ಣಕಲ್ಲಿನ ಮೇಲೆ ಬೆಳೆಯದು. ತೆರೆದ ಬೆಳಕು ಬೇಕು. ಮರಗಳ ದಟ್ಟ ನೆರಳೂ, ಹೆಚ್ಚು ಕಾಲ ಕರಗದೆ ನಿಲ್ಲುವ ಹಿಮವೂ ಅದಕ್ಕೆ ಆಗದು. ಗಂಧಕದ ಹೊಗೆ ತುಂಬಿದ ಗಾಳಿಯನ್ನು ಸಹಿಸದು.

ಬೇರಿಲ್ಲ, ಮಣ್ಣಿಲ್ಲ, ಹಾಗಾದರೆ ಆಹಾರವೆಲ್ಲಿಂದ? ಮಳೆ, ಮಂಜು, ಇಬ್ಬನಿ, ಕರಗುವ ಹಿಮ, ಗಾಳಿ ತಂದ ಧೂಳು, ಇವುಗಳಿಂದಲೇ. ನೀರು ಬಿದ್ದಾಗ ಹಕ್ಕಳೆ ಅದನ್ನು ಹೀರಿ ಎಚ್ಚರಗೊಳ್ಳುತ್ತದೆ. ಪಾಚಿ ದ್ಯುತಿಸಂಶ್ಲೇಷಣೆಯನ್ನು ಆರಂಭಿಸುತ್ತದೆ. ಬಿಸಿಲೋ ಗಾಳಿಯೋ ಬಂದು ಮೈ ಒಣಗಿದರೆ ಕೆಲಸವೆಲ್ಲ ನಿಂತು, ಮತ್ತೆ ನೀರು ಬರುವವರೆಗೆ ನಿದ್ದೆ. ಬೆಳಕೂ ತೇವವೂ ಹಿತವಾದ ಉಷ್ಣವೂ ಏಕಕಾಲದಲ್ಲಿ ಒದಗುವ ಗಂಟೆಗಳು ಬೆಟ್ಟದ ತುದಿಯಲ್ಲಿ ವರ್ಷಕ್ಕೆ ಎಷ್ಟು ಸಿಕ್ಕಾವು? ಆ ಗಂಟೆಗಳಲ್ಲಿ ಗಳಿಸಿದ್ದರಲ್ಲಿಯೇ ಉಸಿರಾಟದ ಖರ್ಚನ್ನು ಕಳೆದು ಉಳಿದದ್ದು ಬೆಳವಣಿಗೆಗೆ. ಆದ್ದರಿಂದಲೇ ಬಹುಪಾಲು ಸ್ಥಳಗಳಲ್ಲಿ ಅದರ ವ್ಯಾಸ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಹೆಚ್ಚುವುದಿಲ್ಲ. ಶೀತವೂ ಶುಷ್ಕವೂ ಆದ ಧ್ರುವಪ್ರದೇಶಗಳಲ್ಲಿ ಇನ್ನೂ ಬಹಳ ಕಡಿಮೆ. ವರ್ಷಕ್ಕೆ ಅರ್ಧ ಮಿಲಿಮೀಟರು ಬೆಳೆಯುವ ಒಂದು ಸ್ಥಳವನ್ನು ಊಹಿಸಿಕೊಳ್ಳೋಣ. ಅಂಗೈಯಲ್ಲಿ ಮುಚ್ಚಬಹುದಾದ, 5 ಸೆಂಟಿಮೀಟರು ವ್ಯಾಸದ ಹಕ್ಕಳೆಗೆ ಅಲ್ಲಿ ನೂರು ವರ್ಷ ವಯಸ್ಸು. ಬೀಜಕ ಬಂಡೆಗೆ ಬಿದ್ದು, ತನಗೆ ತಕ್ಕ ಪಾಚಿಯನ್ನು ಕಂಡುಕೊಂಡು, ಕಣ್ಣಿಗೆ ಕಾಣುವಷ್ಟಾಗಲು ಹಿಡಿದ ವರ್ಷಗಳು ಬೇರೆ. ಶಿಲೀಂಧ್ರವನ್ನೂ ಪಾಚಿಯನ್ನೂ ಒಟ್ಟಿಗೆ ಹೊತ್ತೊಯ್ಯುವ ಹುಡಿಯನ್ನು ಕೆಲವು ಲೈಕನ್ನುಗಳು ಉದುರಿಸುತ್ತವೆ. ಈ ಜಾತಿಗೆ ಆ ಸೌಕರ್ಯವೂ ಇಲ್ಲ.

ಹೀಗೆ ನಿಧಾನವಾಗಿ ಬೆಳೆಯುವುದನ್ನೇ ಅಳತೆಗೋಲಾಗಿ ಬಳಸಬಹುದೆಂದು ತೋರಿಸಿಕೊಟ್ಟವನು ಆಸ್ಟ್ರಿಯ ದೇಶದ ರೋಲಂಡ್ ಬೆಶೆಲ್. ಹಿಮನದಿ ಇಳಿದು ಬರುವಾಗ ಕಲ್ಲುಗಳನ್ನು ಒತ್ತಿ ತಂದು ತನ್ನ ಮೂತಿಯ ಮುಂದೆ ಗುಡ್ಡೆ ಹಾಕುತ್ತದೆ; ಹಿಂದೆಗೆದಾಗ ಆ ಗುಡ್ಡೆ ಅಲ್ಲಿಯೇ ಉಳಿಯುತ್ತದೆ. ಹೊಸದಾಗಿ ಬಯಲಾದ ಕಲ್ಲಿನ ಮೇಲೆ ಲೈಕನ್ ಇರುವುದಿಲ್ಲ. ಕ್ರಮೇಣ ಬಂದು ನೆಲಸುತ್ತದೆ. ಹಾಗಾದರೆ ಗುಡ್ಡೆಯ ಮೇಲಿನ ಅತ್ಯಂತ ದೊಡ್ಡ ಹಕ್ಕಳೆಯನ್ನು ಅಳೆದರೆ ಕಲ್ಲು ಬಯಲಾಗಿ ಕನಿಷ್ಠ ಎಷ್ಟು ಕಾಲವಾಯಿತೆಂದು ಹೇಳಬಹುದಲ್ಲವೆ? ಬೆಶೆಲ್ ಈ ವಿಧಾನವನ್ನು 1950ರಲ್ಲಿ ಪ್ರಕಟಿಸಿದ. ಬಳಿಕ ಕೆನಡಕ್ಕೆ ಹೋಗಿ ನೆಲಸಿದ. ಬೆಳವಣಿಗೆಯ ದರ ಊರಿಂದೂರಿಗೆ ಬೇರೆಯಾಗುವುದರಿಂದ, ಆಯಾ ಪ್ರದೇಶದಲ್ಲಿ ಕಾಲ ಗೊತ್ತಿರುವ ಗೋರಿಕಲ್ಲು, ಹಳೆಯ ಸೇತುವೆ, ಗೋಡೆಗಳ ಮೇಲಿನ ಹಕ್ಕಳೆಗಳನ್ನು ಮೊದಲು ಅಳೆದು ದರವನ್ನು ಗೊತ್ತುಮಾಡಿಕೊಳ್ಳಬೇಕು. ದೊಡ್ಡದೊಂದನ್ನೇ ನಂಬದೆ ಅತಿ ದೊಡ್ಡ ಐದರ ಸರಾಸರಿಯನ್ನು ತೆಗೆದುಕೊಳ್ಳುವವರೂ ಉಂಟು.

ಇದರಿಂದ ತಿಳಿದುಬಂದ ಸಂಗತಿಗಳು ಸಾಮಾನ್ಯವಲ್ಲ. ಕೆನಡದ ಬ್ಯಾಫಿನ್ ದ್ವೀಪದಲ್ಲಿ ಈಗಿನ ಹಿಮದ ಟೊಪ್ಪಿಗೆಗಳ ಸುತ್ತಲೂ ಲೈಕನ್ನೇ ಇಲ್ಲದ ಬೋಳು ವಲಯಗಳಿರುವುದನ್ನು ಜಾಕ್ ಐವ್ಸ್ 1962ರಲ್ಲಿ ವಿವರಿಸಿ, ಕೆಲವೇ ಶತಮಾನಗಳ ಹಿಂದೆ ಹಿಮ ಅಷ್ಟೂ ನೆಲವನ್ನು ಮುಚ್ಚಿತ್ತೆಂದು ವಾದಿಸಿದ. ನ್ಯೂಜಿಲೆಂಡಿನ ಪರ್ವತಗಳಲ್ಲಿ ಭೂಕಂಪಗಳಿಂದ ಉರುಳಿದ ಬಂಡೆಗಳ ಮೇಲಿನ ಲೈಕನ್ನುಗಳನ್ನು ಸಾವಿರಗಟ್ಟಲೆ ಅಳೆದು, ವಿಲಿಯಂ ಬುಲ್ ಮತ್ತು ಮಾರ್ಕ್ ಬ್ರಾಂಡನ್ 1998ರಲ್ಲಿ ಹಳೆಯ ಭೂಕಂಪಗಳ ಕಾಲವನ್ನು ಲೆಕ್ಕ ಹಾಕಿದರು. ನಮ್ಮ ದೇಶದಲ್ಲಿ, ಕೇದಾರನಾಥದ ಮೇಲ್ಭಾಗದಲ್ಲಿರುವ ಚೋರಾಬಾರಿ ಹಿಮನದಿಯ ಕಲ್ಲುಗುಡ್ಡೆಗಳ ಮೇಲೂ ಇದೇ ಭೂಪಟದ ಕಲ್ಲುಹೂವನ್ನು ಅಳೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ನಾಲ್ಕೇ ವರ್ಷಗಳ ಬಳಿಕ, 2013ರ ಜೂನ್ ತಿಂಗಳಿನಲ್ಲಿ, ಆ ಹಿಮನದಿಯ ಬದಿಯ ಕಲ್ಲುಗುಡ್ಡೆ ಕಟ್ಟೆಯಂತೆ ತಡೆದಿದ್ದ ಸರೋವರ ಒಡೆದು ಕೇದಾರನಾಥದ ಮೇಲೆ ನುಗ್ಗಿದ ದಾರುಣ ಕಥೆಯನ್ನು ವಾಚಕರು ಮರೆತಿರಲಾರರು. ಪರ್ವತಕಣಿವೆಗಳಲ್ಲಿ ಇಂಥ ನೆರೆಗಳೂ ಕುಸಿತಗಳೂ ಹಿಂದೆ ಯಾವಾಗ ಯಾವಾಗ ಬಂದವೆಂಬುದಕ್ಕೆ ಬರೆದಿಟ್ಟ ದಾಖಲೆ ಸಿಕ್ಕುವುದು ಅಪರೂಪ. ಉರುಳಿ ಬಂದ ಬಂಡೆಗಳೇ ದಾಖಲೆ. ಅವುಗಳ ಮೇಲಿನ ಹಕ್ಕಳೆಗಳೇ ತಾರೀಖು. ಎಲ್ಲಿ ಮನೆ ಕಟ್ಟಬಾರದು, ಎಲ್ಲಿ ಯಾತ್ರಿಕರ ಬಿಡಾರ ಹೂಡಬಾರದು ಎಂದು ತೀರ್ಮಾನಿಸುವವರಿಗೆ ಈ ತಾರೀಖುಗಳು ಬೇಕು.

ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಉಳಿ ಹಿಡಿದ ಉತ್ಸಾಹಿಯನ್ನು ಕಲ್ಪಿಸಿಕೊಳ್ಳಿ. ಯಾವುದನ್ನು ಕೀಳುತ್ತಾನೆ? ಅತ್ಯಂತ ದೊಡ್ಡದಾದ, ಅತ್ಯಂತ ದುಂಡಾದ, ಅತ್ಯಂತ ಚೆಲುವಾದ ಹಕ್ಕಳೆಯನ್ನಲ್ಲವೆ? ಕಾಲವನ್ನು ಹೇಳುವುದು ಅದೇ. ಅದು ಹೋದರೆ ಮುಂದೆ ಬಂದು ಅಳೆಯುವವನಿಗೆ ಎರಡನೆಯದೇ ಮೊದಲನೆಯದಾಗಿ, ಆ ಗುಡ್ಡೆಯ ವಯಸ್ಸು ಹತ್ತಾರು ವರ್ಷ ತಗ್ಗಿಹೋಗುತ್ತದೆ. ತಪ್ಪಾಯಿತೆಂಬುದು ಅವನಿಗೆ ತಿಳಿಯುವುದೂ ಇಲ್ಲ. ಕಿತ್ತು ತಂದ ಹಕ್ಕಳೆಯಾದರೋ ಕಾಲೇಜಿನ ಗಾಜಿನ ಬೀರುವಿನಲ್ಲಿ ಬಣ್ಣದ ಒಂದು ತುಣುಕು. ಬಂಡೆ ಯಾವ ದಿಕ್ಕಿಗೆ ಮುಖ ಮಾಡಿತ್ತು, ನೆರೆಯಲ್ಲಿ ಯಾರಿದ್ದರು, ಹಿಮ ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂಬುದಾವುದನ್ನೂ ಅದು ಹೇಳಲಾರದು. ಬಂಡೆಯ ಮೇಲೆ ಹೆಸರು ಕೊರೆಯುವವರು, ಬಾಣದ ಗುರುತಿಗಾಗಿ ಬಣ್ಣ ಬಳಿಯುವವರು ಮಾಡುವ ಹಾನಿಯೂ ಇದೇ ಬಗೆಯದು. ಆದರೆ ಅವರಿಗೆ ತಿಳಿಯದು; ವಿಜ್ಞಾನದ ವಿದ್ಯಾರ್ಥಿಗೆ ಆ ನೆಪವಿಲ್ಲ.

ಲೈಕನ್ನುಗಳಿಂದ ಕಾಲವನ್ನಳೆಯುವ ವಿಧಾನವೇ ಸಂಶಯಾಸ್ಪದವೆಂದಮೇಲೆ ಇಷ್ಟು ಕಾಳಜಿ ಏಕೆ, ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಕೆನಡದ ಜೆರಾಲ್ಡ್ ಆಸ್ಬರ್ನ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಈ ವಿಧಾನವನ್ನು ಬಹು ತೀಕ್ಷ್ಣವಾಗಿ ಟೀಕಿಸಿದರು. ಇದನ್ನು ವಿಜ್ಞಾನವೆನ್ನಬೇಕೆ, ವಿಜ್ಞಾನದ ವೇಷವೆನ್ನಬೇಕೆ ಎಂದೇ ಅವರು ಕೇಳಿದರು. ಹತ್ತಿರ ಹತ್ತಿರದ ಜಾತಿಗಳನ್ನು ಬೆಟ್ಟದ ಮೇಲೆ ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಎರಡು ಹಕ್ಕಳೆಗಳು ಕೂಡಿಕೊಂಡು ಒಂದರಂತೆ ತೋರಬಹುದು. ಕೆಲವೇ ಗೋರಿಕಲ್ಲುಗಳನ್ನು ಆಧರಿಸಿ ಎಳೆದ ಬೆಳವಣಿಗೆಯ ರೇಖೆಯನ್ನು ಸಾವಿರಾರು ವರ್ಷ ಹಿಂದಕ್ಕೆ ಚಾಚುವುದು ಸಾಹಸವೇ ಹೊರತು ಶಾಸ್ತ್ರವಲ್ಲ. ಈ ಆಕ್ಷೇಪಣೆಗಳಲ್ಲಿ ಬಹಳಷ್ಟನ್ನು ನಾವು ಒಪ್ಪುತ್ತೇವೆ. ಕೆಲವು ಶತಮಾನಗಳಿಗಿಂತ ಹಿಂದಿನ ಕಾಲಗಳನ್ನು ಲೈಕನ್ನಿನ ಮಾತಿನ ಮೇಲೆಯೇ ಹೇಳುವವರನ್ನು ನಾವು ನಂಬುವುದಿಲ್ಲ. ಆದರೆ ಈ ಟೀಕೆ ಉಳಿಯ ಪರವಾದ ಸಾಕ್ಷಿಯಾಗದು. ರೇಖೆಗಳು ಸರಿಯೋ ತಪ್ಪೋ ಎಂದು ನಿರ್ಧರಿಸಲು ಇರುವ ಬಲವಾದ ದಾರಿಯೆಂದರೆ ಒಂದೇ ಹಕ್ಕಳೆಯನ್ನು ಹತ್ತು, ಇಪ್ಪತ್ತು, ಐವತ್ತು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಅಳೆಯುವುದು. ಸಂಶಯ ಹೆಚ್ಚಿದಷ್ಟೂ ಹಕ್ಕಳೆ ಸ್ವಸ್ಥಾನದಲ್ಲಿ ಉಳಿದಿರಬೇಕಾದ ಅಗತ್ಯವೂ ಹೆಚ್ಚುತ್ತದೆ.

ಸಂಗ್ರಹಣೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಜಾತಿಯನ್ನು ಖಚಿತವಾಗಿ ಗುರುತಿಸಲು ಬೀಜಕಗಳ ಬಣ್ಣವನ್ನೂ ಕೋಶಗಳ ಸಂಖ್ಯೆಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಳಮೈಗೆ ಅಯೋಡೀನ್ ಹಾಕಿ ಅದು ನೀಲಿಯಾಗುವುದನ್ನು ಪರೀಕ್ಷಿಸಬೇಕು. ಇದಕ್ಕೆ ಉಗುರಗಲದ ತುಣುಕು ಸಾಕು. ಅದನ್ನೂ ಸಣ್ಣ ಹಕ್ಕಳೆಯಿಂದ, ಸಾಧ್ಯವಾದರೆ ತಾನಾಗಿ ಸಿಡಿದುಬಿದ್ದ ಚಕ್ಕೆಯಿಂದ ತೆಗೆಯಬಹುದು. ನಿಜವಾದ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದು ಬಂದವನಿಗೆ ಬಂಡೆ ಒಂದು ಚೂರನ್ನು ಕೊಡಲಿ. ಸ್ಪೇನ್ ದೇಶದ ಲಿಯೊಪೊಲ್ಡೊ ಸಾಂಚೊ ಮತ್ತು ಸಂಗಡಿಗರು ಇದೇ ಭೂಪಟದ ಕಲ್ಲುಹೂವನ್ನು ಕಲ್ಲಿನ ಸಮೇತ 2005ರಲ್ಲಿ ಫೋಟಾನ್-ಎಂ2 ಎಂಬ ಉಪಗ್ರಹದಲ್ಲಿ ಬಾಹ್ಯಾಕಾಶಕ್ಕೆ ಕಳುಹಿಸಿದರು. ಎರಡು ವಾರಗಳಷ್ಟು ಕಾಲ ಗಾಳಿಯಿಲ್ಲದ ಬಯಲಿನಲ್ಲಿ, ಸೂರ್ಯನ ಸೋಸದ ಕಿರಣಗಳಿಗೆ ಮೈಯೊಡ್ಡಿ ಬಂದ ಆ ಹಕ್ಕಳೆಗಳು ಭೂಮಿಗೆ ಮರಳಿ ನೀರು ಸೋಕಿದ ಮೇಲೆ ಮೊದಲಿನಂತೆಯೇ ದ್ಯುತಿಸಂಶ್ಲೇಷಣೆ ನಡೆಸಿದವು. ಅಂಥ ಪ್ರಶ್ನೆಗೆ ಒಂದು ಚೂರು ಕಲ್ಲು ಹೆಚ್ಚಲ್ಲ. ಅಂಕಗಳಿಗಾಗಿ ತರಗತಿಯ ನಲವತ್ತು ಮಂದಿ ನಲವತ್ತು ಚೂರು ತರುವುದಿದೆಯಲ್ಲ, ಅದನ್ನು ಮಾತ್ರ ನಾವು ವಿರೋಧಿಸುತ್ತೇವೆ.

ಭೂಪಟದ ಕಲ್ಲುಹೂವು ಚಳಿಯ ಕೂಸು. ಬಯಲುಸೀಮೆಯ ಕಾವಿನಲ್ಲಿ ಅದನ್ನು ಹುಡುಕಿ ಫಲವಿಲ್ಲ. ಆದರೆ ಸಾವನದುರ್ಗ, ಶಿವಗಂಗೆಗಳಂಥ ನಮ್ಮ ಗ್ರಾನೈಟ್ ಬೆಟ್ಟಗಳ ಮೇಲೆ ಬೇರೆ ಜಾತಿಗಳ ಹಕ್ಕಳೆ ಲೈಕನ್ನುಗಳು ಧಾರಾಳವಾಗಿವೆ. ಆಲ್ಪ್ಸಿನಲ್ಲಿ ಗೊತ್ತುಮಾಡಿದ ದರಗಳು ಇವಕ್ಕೆ ಸಲ್ಲವು. ಇವುಗಳ ದರವನ್ನು ಇಲ್ಲಿಯೇ ಅಳೆದು ತಿಳಿಯಬೇಕು. ಅದಕ್ಕೆ ಬೇಕಾದ ತಾರೀಖುಳ್ಳ ಕಲ್ಲುಗಳು ಕನ್ನಡನಾಡಿನಲ್ಲಿರುವಷ್ಟು ಇನ್ನೆಲ್ಲಿ ಸಿಕ್ಕಾವು? ಶಕವರ್ಷವನ್ನು ಹೇಳುವ ಶಾಸನಗಳೂ ವೀರಗಲ್ಲುಗಳೂ ಊರೂರಿನಲ್ಲಿ ನಿಂತಿವೆ. ಅವುಗಳಲ್ಲಿ ಅನೇಕವು ಮಣ್ಣಿನಲ್ಲಿ ಹೂತಿದ್ದು ಮೇಲೆ ಬಂದಿರಬಹುದು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲ್ಪಟ್ಟಿರಬಹುದು, ತೊಳೆಯಲ್ಪಟ್ಟಿರಬಹುದು. ಆದ್ದರಿಂದ ಎಲ್ಲವನ್ನೂ ನಂಬುವಂತಿಲ್ಲ. ಶಾಸನದ ಅಚ್ಚು ತೆಗೆಯುವವರು ಕಲ್ಲನ್ನು ನೀರಿನಿಂದ ತೊಳೆದು ಕುಂಚದಿಂದ ಉಜ್ಜುವುದು ಅನಿವಾರ್ಯ, ಅಕ್ಷರ ಓದಲೇಬೇಕಲ್ಲ. ಉಜ್ಜುವ ಮೊದಲು ಹತ್ತು ನಿಮಿಷ ಬಿಡುವು ಮಾಡಿಕೊಂಡು, ಮೇಲಿನ ಹಕ್ಕಳೆಗಳ ಅಳತೆಯನ್ನೂ ಛಾಯಾಚಿತ್ರವನ್ನೂ ತೆಗೆದಿಟ್ಟರೆ ಅಕ್ಷರದ ವಿದ್ವಾಂಸರಿಗೆ ನಷ್ಟವೇನೂ ಇಲ್ಲ, ಲೈಕನ್ನಿನ ವಿದ್ಯಾರ್ಥಿಗೆ ಬಹಳ ಲಾಭ.

ಬೆಟ್ಟಕ್ಕೆ ಹೋಗುವ ವಿದ್ಯಾರ್ಥಿಯ ಚೀಲದಲ್ಲಿ ಹತ್ತುಮಡಿ ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಮಿಲಿಮೀಟರು ಗುರುತುಗಳಿರುವ ಒಂದು ಪಾರದರ್ಶಕ ಅಳತೆಪಟ್ಟಿ, ಒಂದು ದಿಕ್ಸೂಚಿ, ಒಂದು ಪುಸ್ತಕ ಇದ್ದರೆ ಸಾಕು. ಒಂಟಿಯಾಗಿ, ದುಂಡಗೆ ಬೆಳೆದ, ನೆರೆಯವನನ್ನು ಇನ್ನೂ ಮುಟ್ಟದ ಹಕ್ಕಳೆಯನ್ನು ಆರಿಸಿಕೊಳ್ಳಬೇಕು. ಅದರ ಅತ್ಯಂತ ಉದ್ದದ ವ್ಯಾಸವನ್ನೂ ಅತ್ಯಂತ ಗಿಡ್ಡ ವ್ಯಾಸವನ್ನೂ ಬರೆದುಕೊಳ್ಳಬೇಕು. ಬಂಡೆಯ ಮುಖ ಯಾವ ದಿಕ್ಕಿಗಿದೆ, ಎಷ್ಟು ಇಳಿಜಾರು, ನೆಲದಿಂದ ಎಷ್ಟು ಎತ್ತರ ಎಂಬುದೂ ಬೇಕು. ಬಂಡೆಗೆ ಬಣ್ಣದ ಗುರುತು ಹಾಕಬಾರದು. ಬದಲಾಗಿ ಬಿರುಕು, ಮೂಲೆಗಳಂಥ ಕದಲದ ಗುರುತುಗಳಿಂದ ಎಷ್ಟು ದೂರವೆಂದು ಅಳೆದು ನಕ್ಷೆ ಬರೆಯಬೇಕು. ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ಬಂಡೆಯ ಮುಖಕ್ಕೆ ನೇರವಾಗಿ ನಿಂತು ಛಾಯಾಚಿತ್ರವನ್ನು ತೆಗೆಯಬೇಕು. ಪುಸ್ತಕದ ಒಂದು ಪ್ರತಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಉಳಿದರೆ, ಹತ್ತು ವರ್ಷದ ಮೇಲೆ ಬರುವ ಬೇರೊಬ್ಬ ವಿದ್ಯಾರ್ಥಿ ಅದೇ ಹಕ್ಕಳೆಯನ್ನು ಮತ್ತೆ ಅಳೆಯಬಹುದು. ಒದ್ದೆಯಾದಾಗ ಹಕ್ಕಳೆಯ ಬಣ್ಣ ಬದಲಾಗಿ ತೋರುವುದರಿಂದ ಎರಡು ಚಿತ್ರಗಳನ್ನೂ ಬಂಡೆ ಪೂರ್ತಿ ಒಣಗಿದ ದಿನದಲ್ಲಿಯೇ ತೆಗೆಯತಕ್ಕದ್ದು.